ಮಗನ ಫೋನು, ಅಜ್ಜಿಯ ಬಿಪಿ

ನಾನು ಕ್ಲಿನಿಕಲ್ ಟ್ರಯಲ್‌ಗಳಲ್ಲಿ, ಅಂದರೆ ಚಿಕಿತ್ಸೆ ಕೆಲಸ ಮಾಡುತ್ತದಾ ಅಂತ ಜನರ ಮೇಲೆ ಪರೀಕ್ಷಿಸುವ ಅಧ್ಯಯನಗಳಲ್ಲಿ, ಕೋಆರ್ಡಿನೇಟರ್. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಒಪ್ಪಿಗೆ ಪತ್ರ ಓದಿ ಹೇಳುವುದು, ಫಾರಂ ತುಂಬುವುದು, ಫಾಲೋಅಪ್‌ಗೆ ಯಾರು ಬಂದರು, ಯಾರು ಬರಲಿಲ್ಲ ಅಂತ ಲೆಕ್ಕ ಇಡುವುದು ನನ್ನ ಕೆಲಸ.

ಕೆಲವು ವರ್ಷಗಳ ಹಿಂದೆ ಬಿಪಿ ಇರುವವರ ಮೇಲೆ ಒಂದು ಅಧ್ಯಯನ ನಡೆಸುತ್ತಿದ್ದೆವು. ಅರ್ಧ ಜನರಿಗೆ ಮನೆಗೇ ಮಷಿನ್ ಕೊಟ್ಟು, ರೀಡಿಂಗ್ ಆ್ಯಪ್‌ನಲ್ಲಿ ಹಾಕಿ ಕಳಿಸಿ ಅಂದಿದ್ದೆವು. ಉಳಿದವರಿಗೆ ಎಂದಿನ ಚಿಕಿತ್ಸೆ. ಯಾರು ಯಾವ ಗುಂಪಿಗೆ ಅನ್ನುವುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತಿತ್ತು.

ಎರಡನೇ ತಿಂಗಳಿಗೆ ಸ್ಕ್ರೀನ್ ತುಂಬಾ ಹಸಿರು. ಸರಾಸರಿ ಚೆನ್ನಾಗಿ ಇಳಿದಿತ್ತು. ಅಲ್ಲಲ್ಲಿ ಖಾಲಿ ಸಾಲುಗಳಿದ್ದವು, ಅಷ್ಟೇ. ಅವುಗಳ ಮುಂದೆ, ಕಾರಣದ ಕಾಲಂನಲ್ಲಿ 'ಆಸಕ್ತಿ ಇಲ್ಲ' ಅಂತ ತುಂಬಿದ್ದೆ. ತಿಂಗಳ ಪರಿಶೀಲನೆಯಲ್ಲಿ ನಮ್ಮ ಹಿರಿಯ ಡಾಕ್ಟರ್ ಅದನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಇದು ಅವರು ಹೇಳಿದ್ದಾ, ನೀವೇ ಬರೆದಿದ್ದಾ?"

ನಾನೇ ಬರೆದಿದ್ದೆ. ಎರಡು ವಾರ ರೀಡಿಂಗ್ ಬರದಿದ್ದರೆ ಫೋನ್ ಮಾಡಿ ಕಾರಣ ಕೇಳಬೇಕು ಅಂತ ಪ್ರೋಟೋಕಾಲ್‌ನಲ್ಲೇ, ಅಂದರೆ ಅಧ್ಯಯನ ಹೇಗೆ ನಡೆಸಬೇಕು ಅಂತ ಬರೆದಿಟ್ಟ ನಿಯಮದಲ್ಲೇ, ಇತ್ತು. ನಾನು ಮಾಡಿರಲಿಲ್ಲ.

ಅವತ್ತೇ ಕೂತು ಫೋನ್ ಹಚ್ಚಿದೆ. ಮೊದಲ ಕರೆಯಲ್ಲೇ ಮುಖಕ್ಕೆ ಹೊಡೆದ ಹಾಗಾಯಿತು. "ಫೋನ್ ಮಗಂದು ಕಣಮ್ಮಾ. ಅವನು ಬೆಳಿಗ್ಗೆ ತಗೊಂಡು ಹೋದ್ರೆ ರಾತ್ರಿನೇ ಬರೋದು. ನಾನು ಎಲ್ಲಾ ಬರೆದಿಟ್ಟಿದೀನಿ," ಅಂದರು ಆ ಅಜ್ಜಿ. ಮುಂದಿನ ಭೇಟಿಗೆ ಹಳೇ ಕ್ಯಾಲೆಂಡರ್ ಹಾಳೆ ತಂದರು. ಅದರ ಹಿಂದೆ ಪೆನ್ಸಿಲ್‌ನಲ್ಲಿ ದಿನಕ್ಕೆರಡು ರೀಡಿಂಗ್, ಬೆಳಿಗ್ಗೆದು ಒಂದು ಕಡೆ, ಸಂಜೆದು ಇನ್ನೊಂದು ಕಡೆ. ಒಂದು ದಿನವೂ ತಪ್ಪಿಲ್ಲ. ಇವರ ಹೆಸರಿನ ಮುಂದೆ ನಾನು ಬರೆದಿದ್ದು 'ಆಸಕ್ತಿ ಇಲ್ಲ'.

ಇನ್ನೊಬ್ಬರ ತೋಳು ದಪ್ಪ. ಮಷಿನ್‌ನ ತೋಳಿಗೆ ಸುತ್ತುವ ಪಟ್ಟಿ ಗಾಳಿ ತುಂಬುತ್ತಿದ್ದ ಹಾಗೆ ಬಿಟ್ಟುಕೊಳ್ಳುತ್ತಿತ್ತು. ಬೇಸತ್ತು ಮಷಿನ್ ಎತ್ತಿಟ್ಟಿದ್ದರು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಸುಮ್ನೆ ಮಾತ್ರೆ ಏರುತ್ತಿತ್ತು.

ನಿದ್ದೆ ಕೆಡಿಸಿದ್ದು ಮೂರನೆಯವರು. ಜಾಸ್ತಿ ಬಂದ ದಿನ ಕಳಿಸುತ್ತಲೇ ಇರಲಿಲ್ಲವಂತೆ, ಡಾಕ್ಟರ್ ಬೈತಾರೆ ಅಂತ. ಅಂದರೆ ಆ ಹಸಿರಿನಲ್ಲಿ ಸ್ವಲ್ಪ ಭಾಗ ಸುಳ್ಳು. ಕೆಟ್ಟ ದಿನಗಳೇ ಲೆಕ್ಕಕ್ಕೆ ಬರದಿದ್ದರೆ ಸರಾಸರಿ ಚೆನ್ನಾಗಿ ಕಾಣದೆ ಇನ್ನೇನು?

ಆಮೇಲೆ ಆ ಡಾಕ್ಟರ್ ಎರಡು ಹಳೇ ಅಧ್ಯಯನ ಓದೋಕೆ ಕೊಟ್ಟರು. ಎರಡೂ 2010ರವು. ಒಂದು ಅಮೆರಿಕದ್ದು, ಟೆಲಿ-ಎಚ್ಎಫ್. ಹೃದಯ ವೈಫಲ್ಯಕ್ಕೆ ಆಸ್ಪತ್ರೆ ಸೇರಿ ಹೊರಬಂದ 1653 ಜನ. ಅರ್ಧದಷ್ಟು ಜನ ದಿನಾ ಒಂದು ನಂಬರಿಗೆ ಕರೆ ಮಾಡಿ, ರೆಕಾರ್ಡ್ ಆದ ದನಿ ಕೇಳಿದ್ದಕ್ಕೆ ಬಟನ್ ಒತ್ತಿ ತೂಕ, ಲಕ್ಷಣ ತಿಳಿಸಬೇಕಿತ್ತು. 180 ದಿನದಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ: ಕರೆ ಮಾಡಬೇಕಿದ್ದವರಲ್ಲಿ ಶೇ 14ರಷ್ಟು ಜನ ಆ ವ್ಯವಸ್ಥೆಯನ್ನು ಒಂದು ಸಲವೂ ಬಳಸಿರಲಿಲ್ಲ.

ಇನ್ನೊಂದು ಕೀನ್ಯಾದ್ದು, ವೆಲ್‌ಟೆಲ್. ಎಚ್ಐವಿ ಔಷಧಿ ಶುರು ಮಾಡಿದ 538 ಜನ. ಆ್ಯಪ್ ಗೀಪ್ ಏನೂ ಇಲ್ಲ. ವಾರಕ್ಕೊಂದು ಎಸ್ಎಂಎಸ್: 'ಮಾಂಬೋ?' ಹೇಗಿದ್ದೀರಿ ಅಂತ. ಚೆನ್ನಾಗಿದ್ದರೆ 'ಸಾವಾ', ತೊಂದರೆ ಇದ್ದರೆ 'ಶಿದಾ'. ತೊಂದರೆ ಅಂದವರಿಗೆ ಮಾತ್ರ ಅಲ್ಲ, 48 ಗಂಟೆಯಲ್ಲಿ ಏನೂ ಹೇಳದವರಿಗೂ ಫೋನ್ ಮಾಡಿ ವಿಚಾರಿಸುತ್ತಿದ್ದರು. ಔಷಧಿಯನ್ನು ಸರಿಯಾಗಿ ತಗೊಂಡೆವು ಅಂದವರು ಎಸ್ಎಂಎಸ್ ಗುಂಪಿನಲ್ಲಿ ಶೇ 62, ಇನ್ನೊಂದರಲ್ಲಿ ಶೇ 50. ಅಲ್ಲಿ ಸುಮ್ಮನಿದ್ದವರೂ ಏನೋ ಹೇಳುತ್ತಿದ್ದಾರೆ ಅಂತಲೇ ಲೆಕ್ಕ.

ಆ ಉಮೇದಿನಲ್ಲಿ ನಾನು ವಾರವಾರ ಎಲ್ಲರಿಗೂ ಫೋನ್ ಮಾಡೋಣ ಅಂದೆ. ಡಾಕ್ಟರ್ ತಡೆದರು. ಆಗ ಬಿಪಿ ಇಳಿದದ್ದು ಮಷಿನ್‌ನಿಂದಲೋ, ನಿಮ್ಮ ಮಾತಿನಿಂದಲೋ? ಅವರು ಹೇಳಿದ್ದು ನ್ಯಾಯವೇ. ಪ್ರೋಟೋಕಾಲ್ ಬದಲಿಸಬೇಕಾದರೆ ಮೊದಲು ಅಧ್ಯಯನಕ್ಕೆ ಸೇರಿದವರ ಹಿತ ನೋಡುವ ಎಥಿಕ್ಸ್ ಕಮಿಟಿ ಒಪ್ಪಬೇಕು. ಕಾಗದದಲ್ಲಿ ಬರೆದ ರೀಡಿಂಗ್ ತಗೊಳ್ಳೋಕೆ, ದೊಡ್ಡ ಪಟ್ಟಿ ಕೊಡೋಕೆ ಅರ್ಜಿ ಹಾಕಿದೆವು. ಒಪ್ಪಿಗೆ ಸಿಕ್ಕಿತು, ನಿಧಾನಕ್ಕೆ.

ಇಷ್ಟಾದ ಮೇಲೆ ಸ್ಕ್ರೀನಿಂಗ್ ರಿಜಿಸ್ಟರ್ ತೆಗೆದೆ. ಅಧ್ಯಯನಕ್ಕೆ ಸೇರಿಸಿಕೊಳ್ಳದವರ ಪಟ್ಟಿ ಅದು. 'ಸ್ಮಾರ್ಟ್‌ಫೋನ್ ಇಲ್ಲ', 'ಸ್ಮಾರ್ಟ್‌ಫೋನ್ ಇಲ್ಲ' ಅಂತ ಪುಟಗಟ್ಟಲೆ, ನನ್ನದೇ ಕೈಬರಹ. ದೂರದವರಿಗೆ ಚಿಕಿತ್ಸೆ ಮುಟ್ಟಿಸುವ ಅಧ್ಯಯನ ಅಂತ ಹೇಳಿಕೊಂಡು ಬಾಗಿಲಲ್ಲೇ ಯಾರನ್ನು ವಾಪಸ್ ಕಳಿಸಿದ್ದೆವು ನೋಡಿ. ಅಜ್ಜಿ ಒಳಗೆ ಬಂದದ್ದೂ ಮಗನ ಫೋನ್ ತೋರಿಸಿ.

ಈಗ ಹೊಸ ಅಧ್ಯಯನಕ್ಕೆ ಫಾರಂ ಮಾಡುವಾಗ ಎರಡು ಪ್ರಶ್ನೆ ಸೇರಿಸುತ್ತೇನೆ: ಫೋನ್ ಯಾರದ್ದು, ಎಷ್ಟು ಹೊತ್ತಿಗೆ ನಿಮ್ಮ ಕೈಗೆ ಸಿಗುತ್ತೆ? ಫಾರಂ ಉದ್ದ ಆಯ್ತು ಅಂತ ಯಾರಾದರೊಬ್ಬರು ಗೊಣಗೇ ಗೊಣಗುತ್ತಾರೆ.