ಮೂರು ಸಂಸ್ಥೆ, ಒಂದು ಹಳ್ಳ

ಅರಸೀಕೆರೆ ಸೀಮೆಯಲ್ಲಿ ಕೆರೆ ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಐದು ಜನ, ಒಂದು ಬಾಡಿಗೆ ಮನೆ, ಎರಡು ಬೈಕು. ಹೂಳು ತೆಗೆಸುತ್ತೇವೆ, ಏರಿ ಗಟ್ಟಿ ಮಾಡಿಸುತ್ತೇವೆ, ತೂಬು ರಿಪೇರಿ ಮಾಡಿಸುತ್ತೇವೆ. ಇಷ್ಟು ವರ್ಷದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಒಬ್ಬರು ಅಜ್ಜಿ ಆಡಿದ ಮಾತು. ಅದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಜಾವಗಲ್ ಹೋಬಳಿಯ ಒಂದು ಹಳ್ಳದ ಮೇಲೆ ಎರಡು ಕೆರೆ ಇವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ನಮ್ಮ ಹಿರಿಯರು ಕೆರೆ ಕಟ್ಟಿದ್ದೇ ಹೀಗೆ, ಸರಪಳಿ ಹಾಗೆ. 2022ರ ಬೇಸಿಗೆಯಲ್ಲಿ ಮೇಲಿನ ಕೆರೆಯ ಹೂಳು ತೆಗೆಸಿದೆವು. ಹತ್ತು ಎಕರೆಯಷ್ಟು ಜಾಗ, ಮೂರು ಅಡಿ ಆಳ. ರೈತರು ಟ್ರ್ಯಾಕ್ಟರ್ ತಂದು ಗೋಡು ಮಣ್ಣನ್ನು ತೆಂಗಿನ ತೋಟಕ್ಕೆ, ರಾಗಿ ಹೊಲಕ್ಕೆ ಹೊಡೆದುಕೊಂಡರು. ಆ ವರ್ಷ ಮಳೆಯೂ ಚೆನ್ನಾಗಿ ಬಂತು. ಎರಡೂ ಕೆರೆ ತುಂಬಿದವು. ಎಲ್ಲರಿಗೂ ಖುಷಿ.

2023ರಲ್ಲಿ ಮಳೆ ಕೈ ಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ ಅದು. ಚಿತ್ತೆ ಮಳೆಗಾದರೂ ಕೆರೆಗೆ ನೀರು ಬರಬಹುದು ಅಂತ ಕಾದೆವು. ಮೇಲಿನ ಕೆರೆಗೆ ಅರ್ಧ ಬಂತು. ಕೆಳಗಿನ ಕೆರೆಗೆ ಒಂದು ತೊಟ್ಟೂ ಬರಲಿಲ್ಲ.

ಒಂದು ಸಂಜೆ ಕೆಳಗಿನ ಊರಿಗೆ ಹೋಗಿದ್ದೆ. ಏರಿ ಮೇಲೆ ಮೇಕೆ ಹಿಡಿದುಕೊಂಡು ಕೂತಿದ್ದ ಅಜ್ಜಿ ನನ್ನ ಗುರುತು ಹಿಡಿದರು. ಅವರ ಮನೆಯವರು ಹಿಂದೆ ನೀರಗಂಟಿಯಾಗಿದ್ದವರು, ಅಂದರೆ ಕೆರೆ ನೀರು ಹೊಲಗಳಿಗೆ ಬಿಡುವವರು. ಬೈಯಲಿಲ್ಲ. ಮೆಲ್ಲಗೆ ಕೇಳಿದರು: "ಅಲ್ಲ ಕಣಪ್ಪ, ಮೇಲಿನ ಕೆರೆ ಹೊಟ್ಟೆ ದೊಡ್ಡದು ಮಾಡಿದ್ರಿ. ಅದು ಉಂಡು ಮುಗಿಸೋದು ಯಾವಾಗ, ನಮಗೆ ಬಡಿಸೋದು ಯಾವಾಗ?"

ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಎಕರೆಯಲ್ಲಿ ಒಂದು ಅಡಿ ಹೂಳು ತೆಗೆದರೆ ಸುಮಾರು 12 ಲಕ್ಷ ಲೀಟರ್ ನೀರಿಗೆ ಜಾಗ ಆಗುತ್ತದೆ. ಹತ್ತು ಎಕರೆ, ಮೂರು ಅಡಿ ಅಂದರೆ ಮೂರೂವರೆ ಕೋಟಿ ಲೀಟರಿಗೂ ಜಾಸ್ತಿ. ಅಷ್ಟೂ ತುಂಬಿದ ಮೇಲೇ ಮೇಲಿನ ಕೆರೆ ಕೋಡಿ ಬೀಳೋದು. ಒಳ್ಳೆ ಮಳೆಯಲ್ಲಿ ಇದು ಗೊತ್ತಾಗಲ್ಲ. ಬರದಲ್ಲಿ ಕೆಳಗಿನವರ ಪಾಲೇ ಹೋಗಿಬಿಡುತ್ತದೆ. ದೊಡ್ಡ ವಿದ್ಯೆ ಏನೂ ಬೇಕಿಲ್ಲ ಇದಕ್ಕೆ. ಕೆಲಸ ಶುರು ಮಾಡುವ ಮೊದಲು ಒಂದು ದಿನ ಹಳ್ಳದ ಗುಂಟ ನಡೆದಿದ್ದರೆ ಸಾಕಿತ್ತು. ನಾವು ನಡೆಯಲಿಲ್ಲ. ಆ ತಪ್ಪು ನಮ್ಮದೇ.

ಆಮೇಲೆ ಇನ್ನೊಂದು ವಿಷಯ ತಿಳಿಯಿತು. ಅದೇ ಹಳ್ಳದಲ್ಲಿ ಇನ್ನೂ ಎರಡು ಸಂಸ್ಥೆಗಳು ಕೆಲಸ ಮಾಡುತ್ತಿದ್ದವು. ಒಂದು, ಮೇಲಿನ ಗುಡ್ಡದಲ್ಲಿ ಬದು ಹಾಕಿಸಿ ಇಂಗುಗುಂಡಿ ತೆಗೆಸುತ್ತಿತ್ತು. ಇನ್ನೊಂದು, ಕೆಳಗಿನ ಊರಿನ ಹೆಣ್ಣುಮಕ್ಕಳ ಸಂಘಗಳಿಗೆ ಸಾಲ ಕೊಡಿಸಿ ತರಕಾರಿ ಬೆಳೆಸುತ್ತಿತ್ತು. ಗುಡ್ಡದವರು ವರದಿಯಲ್ಲಿ "ಹರಿದು ಹೋಗುವ ನೀರು ತಡೆದೆವು" ಅಂತ ಬರೆದಿದ್ದರು. ನಾವು "ಕೆರೆಯಲ್ಲಿ ನೀರು ನಿಲ್ಲುವ ಜಾಗ ಹೆಚ್ಚಿಸಿದೆವು" ಅಂತ ಬರೆದಿದ್ದೆವು. ಎರಡೂ ನಿಜ. ಮೇಲಿನ ಊರಿನ ಬೋರ್‌ವೆಲ್‌ಗಳಲ್ಲಿ ನೀರು ಉಳಿದಿತ್ತು, ಅದೂ ನಿಜ. ಆದರೆ ಕೆಳಗಿನ ಊರಿನ ಹೆಣ್ಣುಮಕ್ಕಳು ಸಾಲ ಮಾಡಿ ಹಾಕಿದ ಬದನೆ, ಟೊಮೆಟೊ ಒಣಗಿತು. ನಾವು ಮೂರೂ ಕಡೆಯವರು ಒಂದೇ ಅರಸೀಕೆರೆ ಬಸ್ ಸ್ಟ್ಯಾಂಡಲ್ಲಿ ಟೀ ಕುಡಿಯುವವರು. ಮುಖ ಪರಿಚಯ ಇತ್ತು. ಯಾರು ಎಲ್ಲಿ ಏನು ಮಾಡುತ್ತಿದ್ದಾರೆ ಅಂತ ಒಂದು ದಿನ ಕೂತು ಮಾತಾಡಿರಲಿಲ್ಲ.

ಯಾಕೆ ಮಾತಾಡಲಿಲ್ಲ ಅಂತ ಯೋಚಿಸಿದ್ದೇನೆ. ಒಂದು, ಒಬ್ಬರೇ ದಾನಿಗಳ ಹತ್ತಿರ ಎಲ್ಲರೂ ಅರ್ಜಿ ಹಾಕುತ್ತೇವೆ. ಸೋತ ಕಥೆ ಹೊರಗೆ ಬಿದ್ದರೆ ಮುಂದಿನ ವರ್ಷದ ದುಡ್ಡು ಹೋಗುತ್ತೇನೋ ಅನ್ನುವ ಭಯ. ಐದು ಜನರ ಸಂಬಳದ ಪ್ರಶ್ನೆ ಅದು, ಸುಮ್ನೆ ಹೇಳುತ್ತಿಲ್ಲ. ಇನ್ನೊಂದು, ಕಾಲ. ಕೆರೆ ಒಣಗಿ ಟ್ರ್ಯಾಕ್ಟರ್ ಇಳಿಯುವ ಹಾಗೆ ಆಗುವುದು ಫೆಬ್ರವರಿ, ಮಾರ್ಚಿಗೆ. ದುಡ್ಡಿನ ವರ್ಷ ಮುಗಿಯುವುದೂ ಮಾರ್ಚ್ 31ಕ್ಕೆ. ಕೆಲಸ ಕೈಗೆ ಹತ್ತುವ ಹೊತ್ತಿಗೆ ಬಿಲ್ಲು, ಫೋಟೋ, ವರದಿ. ಪಕ್ಕದವರ ಕಡೆ ತಿರುಗಿ ನೋಡುವ ಪುರುಸೊತ್ತು ಎಲ್ಲಿಂದ ಬರಬೇಕು?

ಮೊದಲು ಫೋನ್ ಮಾಡಿದ್ದು ಸಂಘದ ಕೆಲಸ ನೋಡಿಕೊಳ್ಳುವ ಮೇಡಂ. "ಸರ್, ನಿಮ್ಮ ಕೆರೆ ನಮ್ಮ ಸಾಲ ಮುಳುಗಿಸಿತು" ಅಂತಲೇ ಶುರು ಮಾಡಿದರು. ಅವರು ಹಾಗೆ ನೇರವಾಗಿ ಹೇಳಿದ್ದಕ್ಕೆ ನಾನು ಇವತ್ತಿಗೂ ಋಣಿ. ಆ ವಾರವೇ ಮೂರೂ ಸಂಸ್ಥೆಯವರು ಗುಡ್ಡದ ನೆತ್ತಿಯಿಂದ ಕೆಳಗಿನ ಕೆರೆಯವರೆಗೆ ನಡೆದೆವು. ಅಜ್ಜಿಯ ಮಗ ಮುಂದೆ, ನಾವು ಹಿಂದೆ. ಬೆಳಿಗ್ಗೆ ಏಳಕ್ಕೆ ಹೊರಟವರು ಮುಟ್ಟಿದ್ದು ಮಧ್ಯಾಹ್ನ ಎರಡಕ್ಕೆ. ಹಳ್ಳದ ತುಂಬ ಜಾಲಿ. ಎರಡು ಕಡೆ ಹೊಲದವರು ಮಣ್ಣು ಎಳೆದು ಹಳ್ಳವನ್ನೇ ಕಿರಿದು ಮಾಡಿದ್ದರು. ಮೇಲಿನ ಕೆರೆ ಕೋಡಿ ಮೇಲೆ ಯಾರೋ ಮರಳಿನ ಚೀಲ ಪೇರಿಸಿದ್ದರು, ಮೊಣಕಾಲೆತ್ತರ. ಆ ಚೀಲದ ಮೇಲೆ ಆಗಲೇ ಹುಲ್ಲು ಹುಟ್ಟಿತ್ತು. ನಾನು ಅದೇ ಕೋಡಿಯ ಪಕ್ಕ ನಿಂತು ಎಷ್ಟು ಸಲ ಫೋಟೋ ತೆಗೆದಿದ್ದೆ! ಆ ಚೀಲಗಳು ಕೆಳಗಿನ ಊರಿನ ಪಾಲು ಅಂತ ಹೊಳೆದಿರಲೇ ಇಲ್ಲ.

ಚೀಲ ತೆಗೆಸೋದು ಸುಲಭ ಆಗಲಿಲ್ಲ. ಮೇಲಿನ ಊರಿನವರಿಗೆ ಅದು ಅವರ ನೀರು. ಆ ಕೆರೆ ಪಂಚಾಯ್ತಿಗೆ ಸೇರಿದ್ದು. ಕೆಳಗಿನದರ ಅಚ್ಚುಕಟ್ಟು, ಅಂದರೆ ಅದರ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಜಾಸ್ತಿ, ಅದಕ್ಕೆ ಅದು ಸಣ್ಣ ನೀರಾವರಿ ಇಲಾಖೆಯದು. ಒಂದೇ ನೀರು, ಎರಡು ಕಚೇರಿ. ನಾಲ್ಕು ಸಲ ಎರಡೂ ಊರಿನವರನ್ನು ಕೂರಿಸಿದೆವು. ಕೊನೆಗೆ ಹಳೇ ಕೋಡಿ ಕಲ್ಲಿನ ಮಟ್ಟವೇ ಮಟ್ಟ, ಅದರ ಮೇಲೆ ಏನೂ ಇಡಬಾರದು ಅಂತ ಒಪ್ಪಿಗೆ ಆಯಿತು. ಒಪ್ಪಿಸಿದ್ದು ನಾವಲ್ಲ. ಮೇಲಿನ ಊರಿಂದ ಕೆಳಗಿನ ಊರಿಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದು ಮಾತಾಡಿದ್ದು ಕೆಲಸ ಮಾಡಿತು.

ಈಗ ತಿಂಗಳಿಗೊಂದು ಸಲ ಮೂರೂ ಸಂಸ್ಥೆ ಸೇರುತ್ತೇವೆ. ಒಂದೇ ಕಟ್ಟಳೆ: ಮೊದಲು ಕೆಟ್ಟಿದ್ದು ಹೇಳಬೇಕು, ಆಮೇಲೆ ಒಳ್ಳೆಯದು. ಎರಡೂ ಕೆರೆಯ ತೂಬಿನ ಕಲ್ಲಿನ ಮೇಲೆ ಬಣ್ಣದಲ್ಲಿ ಅಡಿ ಗುರುತು ಹಾಕಿಸಿದ್ದೇವೆ. ಸೋಮವಾರ ಸೋಮವಾರ ಸಂಘದ ಹೆಣ್ಣುಮಕ್ಕಳು ನೋಡಿ ಒಂದೇ ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕ ನಮ್ಮ ಯಾರ ಆಫೀಸಲ್ಲೂ ಇಲ್ಲ, ಹಾಲಿನ ಡೈರಿಯಲ್ಲಿದೆ. ಹಾಲು ಹಾಕಲು ಬಂದವರೆಲ್ಲ ನೋಡುತ್ತಾರೆ.

ದುಡ್ಡಿನದು ಮಾತ್ರ ತೊಡಕು. ನಮ್ಮ ಮೂವರಲ್ಲಿ ಒಬ್ಬರಿಗೆ ಹೊರದೇಶದ ದೇಣಿಗೆ ಬರುತ್ತದೆ. ಅಂಥ ದೇಣಿಗೆಯ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಿದ್ದುಪಡಿ ಆದ ಮೇಲೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಅದಕ್ಕೇ ಕೆಲಸ ಹಂಚಿಕೊಂಡೆವು. ಹಳ್ಳ ಬಿಡಿಸುವ ಕೂಲಿ ನರೇಗಾದಲ್ಲಿ ಆಯಿತು. ಜನರನ್ನು ಸೇರಿಸಿದ್ದು ಸಂಘದವರು, ಅಳತೆ ಗುಡ್ಡದವರದು, ಪಂಚಾಯ್ತಿಗೆ ಓಡಾಡಿದ್ದು ನಾವು. ನಮ್ಮ ಮೂರು ವರ್ಷದ ಪ್ಲಾನಿನಲ್ಲಿ ಇನ್ನೂ ಎರಡು ಕೆರೆ ಹೂಳು ತೆಗೆಸುವುದಿತ್ತು. ಅದರಲ್ಲಿ ಒಂದನ್ನು ಬಿಟ್ಟು ಆ ದುಡ್ಡನ್ನು ಹಳ್ಳಕ್ಕೆ ಹಾಕುತ್ತೇವೆ ಅಂತ ದಾನಿಗಳಿಗೆ ಬರೆದೆವು. ಅವರ ನಮೂನೆಯಲ್ಲಿ "ತೆಗೆದ ಹೂಳು, ಘನ ಮೀಟರ್" ಅನ್ನುವ ಕಾಲಂ ಇದೆ, ಹಳ್ಳಕ್ಕೆ ಕಾಲಂ ಇಲ್ಲ. ಅಜ್ಜಿಯ ಮಾತನ್ನು ಹಾಗೇ ಬರೆದು ಕಳಿಸಿದೆ. ಒಪ್ಪಿದರು.

ಇನ್ನೊಂದು ಕೆಲಸ ಬಾಕಿ ಇದೆ. ಹಳ್ಳ ರಸ್ತೆ ದಾಟುವಲ್ಲಿ ಮೋರಿ ಅರ್ಧ ಮುಚ್ಚಿಹೋಗಿದೆ. ಅದನ್ನು ಬಿಡಿಸಿಕೊಡಿ ಅಂತ ಅರ್ಜಿ ಬರೆದಿದ್ದೇವೆ. ಒಂದೇ ಹಾಳೆ, ಕೆಳಗೆ ಮೂರು ಸಂಸ್ಥೆಯ ಸೀಲು, ಎರಡು ಊರಿನವರ ಸಹಿ. ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ. ಗುರುವಾರ ತಗೊಂಡು ಹೋಗುತ್ತೇವೆ.