ತಾನೇ ಬಿಲ್ ಹೊಡೆದ ಪರದೆ

ಉಡುಪಿಯ ರಥಬೀದಿ ಹತ್ತಿರದ ಒಂದು ಹೋಟೆಲ್. ಆಟಿ ತಿಂಗಳ ಬೆಳಿಗ್ಗೆ, ಹೊರಗೆ ಬಿಡದೆ ಸುರಿಯುವ ಮಳೆ. ಗಲ್ಲೆಯ ಟಚ್‌ಸ್ಕ್ರೀನನ್ನು ಯಾರೂ ಮುಟ್ಟುತ್ತಿಲ್ಲ, ಆದರೂ ಬನ್ಸ್ ಮೂರು, ನಾಲ್ಕು, ಐದು ಎಂದು ಬಿಲ್ ಏರುತ್ತಲೇ ಇದೆ.

ಇಂಥಲ್ಲಿ ಮೊದಲು ಕಳಚಬೇಕಾದ್ದು ಮಾನಿಟರಿನ ಯುಎಸ್‌ಬಿ ಕೇಬಲ್. ಚಿತ್ರ ಬರುವುದು ಎಚ್‌ಡಿಎಂಐನಲ್ಲಿ, ಬೆರಳಿನ ಸುದ್ದಿ ಹೋಗುವುದು ಯುಎಸ್‌ಬಿಯಲ್ಲಿ. ಅದನ್ನು ತೆಗೆದೊಡನೆ ಬಿಲ್ ನಿಂತಿತು. ಅಂದರೆ ತಪ್ಪು ಬಿಲ್ಲಿಂಗ್ ಸಾಫ್ಟ್‌ವೇರಿನದ್ದಲ್ಲ, ಟಚ್‌ನದ್ದು. ಇಷ್ಟನ್ನೂ ನೋಡದೆ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕುವವರಿದ್ದಾರೆ.

ಗಲ್ಲೆಯದ್ದು ಕೆಪ್ಯಾಸಿಟಿವ್ ಪರದೆ. ಅದರ ಗಾಜಿಗೆ ಒತ್ತಡ ಗೊತ್ತಾಗುವುದಿಲ್ಲ. ಬೆರಳು ತಾಗಿದಾಗ ಅದರ ಒಳಪದರದ ಕೆಪ್ಯಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಶಕ್ತಿ) ಬದಲಾಗುತ್ತದೆ, ಅದನ್ನಷ್ಟೇ ಅಳೆಯುತ್ತದೆ. ಒದ್ದೆ ಕೈ ಬಿಟ್ಟುಹೋದ ನೀರ ಹನಿಯೂ ಅದಕ್ಕೆ ಬೆರಳೇ. ಅಂಚಿನ ಬೆಳಕಿನ ಕಿರಣ ಕಡಿದಲ್ಲಿ ಸ್ಪರ್ಶ ಎಂದುಕೊಳ್ಳುವ ಇನ್‌ಫ್ರಾರೆಡ್ ಚೌಕಟ್ಟಿನ ಪರದೆ ಒದ್ದೆ ಕೈಯನ್ನು ತಾಳಿಕೊಳ್ಳುತ್ತದೆ ನಿಜ, ಆದರೆ ಮಳೆಗಾಲದ ರೆಕ್ಕೆಹುಳ ಬಂದು ಕೂತರೆ ಅದೂ ಬೆರಳಾಗುತ್ತದೆ!

ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿದಾಗ ಅರ್ಧ ಸರಿಹೋಯಿತು. ಉಳಿದರ್ಧ ಅಡಾಪ್ಟರಿನದ್ದು. ಅದರ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರ್ ಹಾಕಿ ಸಿಕ್ಕಿಸಿದ್ದರು. ಅರ್ತಿಂಗ್ ತಪ್ಪಿದರೆ ಅಡಾಪ್ಟರಿನ ವಿದ್ಯುತ್ ಗದ್ದಲ ಸೆನ್ಸರಿಗೆ ಸೇರಿ ಸುಳ್ಳು ಸ್ಪರ್ಶಗಳಾಗುತ್ತವೆ. ಗೋಡೆಯ ಸಾಕೆಟ್ಟಿನಲ್ಲಿ ಅಳೆದಾಗ ಫೇಸ್ ಮತ್ತು ಅರ್ತ್ ನಡುವೆ 230 ವೋಲ್ಟಿನ ಆಸುಪಾಸು ಬಂತು, ಅಂದರೆ ಅಲ್ಲಿ ಅರ್ತ್ ಇದೆ. ಕನ್ವರ್ಟರ್ ತೆಗೆದು ಪ್ಲಗ್ಗನ್ನು ನೇರ ಅಲ್ಲಿಗೇ ಚುಚ್ಚಿದ್ದಾಯಿತು.

ಕೇಬಲ್ ಮತ್ತೆ ಹಾಕಿದಾಗ ಇನ್ನೊಂದು ಪಜೀತಿ: ಇಲ್ಲಿ ಒತ್ತಿದರೆ ಗಿರಾಕಿಗೆ ಕಾಣುವ ಎರಡನೇ ಪರದೆಯಲ್ಲಿ ಕ್ಲಿಕ್. ಟಚ್ ಯಾವ ಪರದೆಯದ್ದೆಂದು ವಿಂಡೋಸಿಗೆ ತಿಳಿಸಬೇಕು: ಕಂಟ್ರೋಲ್ ಪ್ಯಾನೆಲಿನ ಟ್ಯಾಬ್ಲೆಟ್ ಪಿಸಿ ಸೆಟ್ಟಿಂಗ್ಸ್‌ನಲ್ಲಿ ಸೆಟಪ್ ಒತ್ತಿ, ಸೂಚನೆ ಟಚ್ ಇಲ್ಲದ ಪರದೆಯಲ್ಲಿ ಬಂದರೆ ಎಂಟರ್, ಟಚ್ ಪರದೆಯಲ್ಲಿ ಬಂದಾಗ ಬೆರಳು. ಒಂದು ನಿಮಿಷದ ಕೆಲಸ.

ಗಲ್ಲೆಗೆ ಟಚ್ ಹೇಳಿ ಮಾಡಿಸಿದ್ದೇ. ನಿಂತು ಕೆಲಸ, ಮೇಲ್ಮುಖವಾಗಿ ಓರೆಯಾದ ಪರದೆ, ಎರಡು ಸೆಂಟಿಮೀಟರ್ ಅಗಲದ ಗುಂಡಿಗಳು.

ಹಿಂದಿನ ಕೋಣೆಯಲ್ಲಿ ಲೆಕ್ಕ ಬರೆಯುವ ಮೇಜಿನ ಮೇಲೂ ಒಂದು ಟಚ್ ಮಾನಿಟರ್, 24 ಇಂಚಿನದ್ದು. ಅಲ್ಲಿ ಏನೂ ಹಾಳಾಗಿಲ್ಲ, ಮುಟ್ಟುವವರೇ ಇಲ್ಲ. ಕೂತಲ್ಲಿಂದ ನೆಟ್ಟಗಿನ ಪರದೆಗೆ ಕೈ ಚಾಚಿಕೊಂಡೇ ಇದ್ದರೆ ಕೆಲವೇ ನಿಮಿಷದಲ್ಲಿ ಭುಜ ಸೋಲುತ್ತದೆ. ಗೊರಿಲ್ಲಾ ತೋಳು ಎಂದು ಇದಕ್ಕೆ ಹಳೆಯ ಹೆಸರೇ ಇದೆ. 1983ರ ಎಚ್‌ಪಿ-150 ಕಂಪ್ಯೂಟರಿಗೂ ಟಚ್ ಇತ್ತು, 2012ರ ವಿಂಡೋಸ್ 8 ಟಚ್ಚನ್ನೇ ನೆಚ್ಚಿತ್ತು. ಆಫೀಸಿನ ಮೇಜಿನಿಂದ ಮೌಸ್ ಮಾತ್ರ ಕದಲಲಿಲ್ಲ.

ಅಳತೆಯೂ ಕೂಡಿಬರುವುದಿಲ್ಲ. ಆ ಫುಲ್ ಎಚ್‌ಡಿ (1920 × 1080) ಪರದೆಯಲ್ಲಿ ಒಂದು ಪಿಕ್ಸೆಲ್ ಸುಮಾರು 0.28 ಮಿಲಿಮೀಟರ್, 16 ಪಿಕ್ಸೆಲಿನ ಐಕಾನ್ ನಾಲ್ಕೂವರೆ. ಬೆರಳ ತುದಿ ಅದರ ದುಪ್ಪಟ್ಟು. ಸ್ಕೇಲನ್ನು 150 ಶೇಕಡಕ್ಕೆ ಏರಿಸಿದರೆ ಗುಂಡಿ ಹಿಗ್ಗುತ್ತದೆ, ಆದರೆ ಜಾಗ 1280 × 720ಕ್ಕೆ ಕುಗ್ಗಿ ಲೆಕ್ಕದ ಸಾಲುಗಳು ಪರದೆಯಿಂದ ಜಾರುತ್ತವೆ. ಇನ್ನು ಎಕ್ಸೆಲ್ ಕಾಲಂನ ಗೆರೆ ಹಿಡಿದೆಳೆಯುವುದು ಬೆರಳಿಗೆ ಕಷ್ಟದ ಮಾತು.

ಕೊನೆಗೆ ಆ ಮೇಜಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಕೆಳಗಿನ ಎಚ್‌ಐಡಿ-ಕಂಪ್ಲಯಂಟ್ ಟಚ್ ಸ್ಕ್ರೀನನ್ನು ಡಿಸೇಬಲ್ ಮಾಡಲಾಯಿತು. ಧೂಳು ಒರೆಸಿದಾಗಲೆಲ್ಲ ಫೈಲುಗಳು ತೆರೆದುಕೊಳ್ಳುತ್ತಿದ್ದುದೂ ಅಲ್ಲಿಗೆ ನಿಂತಿತು.