ಒಂದು ಊರು ಗೆಲ್ಲಲಾಗದ ದೊರೆ ಮಿಗೆಲ್

ಪೋರ್ಚುಗಲ್‌ನ ದೊರೆ ಮಿಗೆಲ್‌ನನ್ನು ಸಿಂಹಾಸನ ಕಸಿದ ಖಳ ಅಂತ ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ. ಕಸಿದದ್ದು ನಿಜ. ಆದರೆ 1828ರ ಫೆಬ್ರವರಿಯಲ್ಲಿ ಅವನು ಲಿಸ್ಬನ್‌ನಲ್ಲಿ ಬಂದಿಳಿದಾಗ ಜನ ಅವನಿಗೆ ಜೈಕಾರ ಹಾಕಿದ್ದೂ ಅಷ್ಟೇ ನಿಜ. ಹಳ್ಳಿಯವರು, ಪಾದ್ರಿಗಳು, ಹಳೇ ಮನೆತನದವರು ಅವನ ಕಡೆ. ಇಷ್ಟೆಲ್ಲ ಇದ್ದೂ ಆರು ವರ್ಷಕ್ಕೆ ಎಲ್ಲ ಕಳೆದುಕೊಂಡ ಅಂದರೆ ಹೇಗೆ?

ಹುಟ್ಟಿದ್ದು 1802ರಲ್ಲಿ. ಐದು ವರ್ಷದವನಿದ್ದಾಗ ನೆಪೋಲಿಯನ್ ಸೈನ್ಯಕ್ಕೆ ಹೆದರಿ ಇಡೀ ರಾಜಮನೆತನವೇ ಬ್ರೆಜಿಲ್‌ಗೆ ಓಡಿತು. 1821ರಲ್ಲಿ ವಾಪಸ್ ಬಂದರೆ ಲಿಸ್ಬನ್‌ನಲ್ಲಿ ಸಂವಿಧಾನದ ಗಾಳಿ. ಅಪ್ಪ ಆರನೇ ಜೊವಾವ್ ಒಪ್ಪಿಕೊಂಡ. ಅಮ್ಮ ಕಾರ್ಲೋಟಾ ಜೊವಾಕಿನಾ ಸುತಾರಾಂ ಒಪ್ಪಲಿಲ್ಲ. ಮಗ ಅಮ್ಮನ ಪಕ್ಷ. 1823ರಲ್ಲಿ ವಿಲಾ ಫ್ರಾಂಕಾದಿಂದ ದಂಗೆ ಎದ್ದು ಸಂವಿಧಾನವನ್ನು ಮೂಲೆಗೆ ತಳ್ಳಿಸಿದ.

ಮರುವರ್ಷ ಏಪ್ರಿಲ್‌ನಲ್ಲಿ ಇನ್ನೂ ಮುಂದೆ ಹೋದ. ಮಂತ್ರಿಗಳನ್ನು ಹಿಡಿಸಿ, ಸ್ವಂತ ಅಪ್ಪನನ್ನೇ ಅರಮನೆಯಲ್ಲಿ ಕೂಡಿಹಾಕಿದ ಹಾಗೆ ಮಾಡಿದ. ವಿದೇಶಿ ರಾಯಭಾರಿಗಳ ನೆರವಿನಿಂದ ಆ ಮುದುಕ ಟೇಗಸ್ ನದಿಯಲ್ಲಿ ನಿಂತಿದ್ದ ಬ್ರಿಟಿಷ್ ಯುದ್ಧನೌಕೆ ವಿಂಡ್ಸರ್ ಕ್ಯಾಸಲ್ ಹತ್ತಿದ. ಅಲ್ಲಿಂದಲೇ ಮಗನಿಗೆ ಹೇಳಿಕಳಿಸಿ, ಸೇನಾಧಿಪತ್ಯ ಕಿತ್ತುಕೊಂಡು ದೇಶದಿಂದಲೇ ಸಾಗಹಾಕಿದ. ತನ್ನ ರಾಜಧಾನಿಯ ಎದುರಿಗೇ ಪರದೇಶದ ಹಡಗಲ್ಲಿ ಕೂತು ಮಗನನ್ನು ಗಡೀಪಾರು ಮಾಡಬೇಕಾದ ರಾಜ! ಮಿಗೆಲ್ ಕೊನೆಗೆ ವಿಯೆನ್ನಾ ಸೇರಿದ.

1826ರಲ್ಲಿ ಅಪ್ಪ ಸತ್ತ. ಅಣ್ಣ ಪೆಡ್ರೋ ಆಗಲೇ ಬ್ರೆಜಿಲ್‌ನ ಚಕ್ರವರ್ತಿ. ಅವನು ಪೋರ್ಚುಗಲ್ ಕಿರೀಟವನ್ನು ಏಳು ವರ್ಷದ ಮಗಳು ಮರಿಯಾಗೆ ಬಿಟ್ಟುಕೊಟ್ಟ. ಷರತ್ತು ಏನು ಗೊತ್ತಾ? ಮಿಗೆಲ್ ಹೊಸ ಸಂವಿಧಾನಕ್ಕೆ ಪ್ರಮಾಣ ಮಾಡಬೇಕು, ಅಣ್ಣನ ಆ ಮಗಳನ್ನೇ ಮದುವೆಯಾಗಬೇಕು! ಮಿಗೆಲ್ ಎರಡಕ್ಕೂ ಹೂಂ ಅಂದ. 1828ರಲ್ಲಿ ಅವಳ ಪರವಾಗಿ ಆಡಳಿತ ನೋಡಿಕೊಳ್ಳಲು ಬಂದವನು ಮಾರ್ಚ್‌ನಲ್ಲೇ ಸಂಸತ್ತು ವಿಸರ್ಜಿಸಿದ, ಜುಲೈ ಹೊತ್ತಿಗೆ ತಾನೇ ರಾಜ. ವಿರೋಧಿಗಳಲ್ಲಿ ಸಾವಿರಾರು ಜನ ಜೈಲಿಗೆ, ಸಾವಿರಾರು ಜನ ಪರದೇಶಕ್ಕೆ. ಪೋರ್ಟೊದಲ್ಲಿ ಕೆಲವರನ್ನು ನಡುಚೌಕದಲ್ಲೇ ನೇಣಿಗೆ ಹಾಕಿದರು. ಆ ಊರು ಅದನ್ನು ಮರೆಯಲಿಲ್ಲ.

1831ರಲ್ಲಿ ಪೆಡ್ರೋ ಬ್ರೆಜಿಲ್ ಪಟ್ಟ ಬಿಟ್ಟು ಬಂದ. 1832ರ ಜುಲೈನಲ್ಲಿ ಸುಮಾರು 7,500 ಸೈನಿಕರ ಜೊತೆ ಉತ್ತರದ ತೀರದಲ್ಲಿ ಇಳಿದು ಪೋರ್ಟೊ ಹೊಕ್ಕ. ಮಿಗೆಲ್ ಸೈನ್ಯ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ ಒಂದು ವರ್ಷ ಮುತ್ತಿಗೆ ಹಾಕಿ ಕೂತರೂ ಊರು ಬಗ್ಗಲಿಲ್ಲ. ಕಾಲರಾ, ಹಸಿವು, ಫಿರಂಗಿ ಗುಂಡು, ಎಲ್ಲವನ್ನೂ ಜನ ತಡೆದುಕೊಂಡರು. ನನ್ನ ಪ್ರಕಾರ ಅವನ ಕತೆ ಮುಗಿದದ್ದು ಅಲ್ಲೇ. 1833ರ ಜುಲೈನಲ್ಲಿ ಸಮುದ್ರದಲ್ಲಿ ನೌಕಾಪಡೆ ಸೋತಿತು, ಅದೇ ತಿಂಗಳು ಲಿಸ್ಬನ್ ಕೂಡ ಕೈತಪ್ಪಿತು. ಆಗಸ್ಟ್‌ನಲ್ಲಿ ಪೋರ್ಟೊ ಬಿಟ್ಟು ಹೊರಡುವಾಗ ಅವನ ಕಡೆಯವರು ನದಿಯಾಚೆಯ ಗಾಯಾದ ವೈನ್ ಗೋದಾಮುಗಳಿಗೆ ಬೆಂಕಿ ಇಟ್ಟರು. ವೈನ್ ದೋರು ನದಿಗೆ ಹರಿಯಿತು. ಯಾರಿಗೆ ಏನು ಲಾಭ? ಸುಮ್ನೆ ಹೊಟ್ಟೆಕಿಚ್ಚು, ಅಷ್ಟೇ.

1834ರ ಮೇ 26ಕ್ಕೆ ಎವೊರಾ ಮೊಂತೆಯಲ್ಲಿ ಒಪ್ಪಂದ ಆಯಿತು: ದೇಶ ಬಿಟ್ಟು ಹೋಗು, ವರ್ಷಕ್ಕೆ ಇಷ್ಟು ಅಂತ ಪಿಂಚಣಿ ತಗೋ. ಮಿಗೆಲ್ ಹಡಗು ಹತ್ತಿದ. ಜೆನೋವಾ ಮುಟ್ಟಿ ತಿಂಗಳು ಕಳೆಯುವ ಮೊದಲೇ 'ಆ ಒಪ್ಪಂದ ನಾನು ಒಪ್ಪಲ್ಲ, ಬಲವಂತದ್ದು' ಅಂದ. ಪಿಂಚಣಿಯೂ ಹೋಯಿತು. ಕೊಟ್ಟ ಮಾತಿನ ಜೊತೆ ಅವನದು ಯಾವಾಗಲೂ ಇದೇ ಲೆಕ್ಕ, ಆದರೆ ಈ ಸಲ ಅವನ ಹಿಂದೆ ಸೈನ್ಯ ಇರಲಿಲ್ಲ.

ಮುಂದೆ ಜರ್ಮನಿಯ ರಾಜಮನೆತನದ ಅಡೆಲೈಡ್‌ಳನ್ನು ಮದುವೆಯಾಗಿ ಏಳು ಮಕ್ಕಳನ್ನು ಪಡೆದು, 1866ರಲ್ಲಿ ಅಲ್ಲೇ ತೀರಿಕೊಂಡ. ಪೋರ್ಚುಗಲ್‌ಗೆ ವಾಪಸ್ ಬಂದದ್ದು 1967ರಲ್ಲಿ, ಶವಪೆಟ್ಟಿಗೆಯಲ್ಲಿ. ಅವನ ಮಗಳ ಮಗಳು ಝೀಟಾ, ಆಸ್ಟ್ರಿಯಾದ ಕೊನೆಯ ಸಾಮ್ರಾಜ್ಞಿ, ಆಗಿನ್ನೂ ಬದುಕಿದ್ದಳು.